ಕೋಳಿಗೂಡಿನ ನುಸಿ: ಚಿಕಿತ್ಸೆ ಗೂಡಿನಿಂದಲೇ ಆರಂಭವಾಗಲಿ

ಸಂಜೆಯಾದರೆ ತಾವಾಗಿಯೇ ಗೂಡು ಸೇರುತ್ತಿದ್ದ ಕೋಳಿಗಳು ಬಾಗಿಲವರೆಗೆ ಬಂದು ಹಿಂದೆ ಸರಿದು ಹಲಸಿನ ಮರವೇರಿ ಕೂತರೆ, ಅಥವಾ ಹತ್ತು ದಿನ ಬಿಡದೆ ಕಾವು ಕೊಟ್ಟ ಹೇಂಟೆ ಒಂದು ಬೆಳಿಗ್ಗೆ ಮೊಟ್ಟೆಗಳನ್ನು ಬಿಟ್ಟು ಎದ್ದುಹೋದರೆ, ಮೊದಲು ನುಸಿಯನ್ನೇ ಅನುಮಾನಿಸಬೇಕು. ಜುಟ್ಟಿನ ಕೆಂಪು ಮಾಸುವುದು, ಮೊಟ್ಟೆಯ ಚಿಪ್ಪಿನ ಮೇಲೆ ಸಣ್ಣ ರಕ್ತದ ಚುಕ್ಕೆಗಳು ಕಾಣುವುದು, ಗೂಡು ಗುಡಿಸಿ ಬಂದವರ ಕೈತೋಳು ತುರಿಸುವುದು ಕೂಡ ಇದರ ಲಕ್ಷಣಗಳೇ. ಎಳೆಯ ಮರಿಗಳಾದರೆ ರಕ್ತ ಕಳೆದುಕೊಂಡೇ ಸಾಯುತ್ತವೆ.

ಕೋಳಿಯ ಮೈಮೇಲೆ ಹರಿದಾಡುವುದನ್ನೆಲ್ಲ ಕೋಳಿಹೇನು ಎಂದು ಕರೆಯುವ ರೂಢಿ ನಮ್ಮಲ್ಲಿದೆ. ಆದರೆ ಹೇನಿಗೂ ನುಸಿಗೂ ಚಿಕಿತ್ಸೆಯ ದಾರಿ ಬೇರೆಯಾಗಿರುವುದರಿಂದ ಈ ವ್ಯತ್ಯಾಸವನ್ನು ತಿಳಿದಿರಬೇಕು. ಹೇನಿಗೆ ಆರು ಕಾಲು, ಬಣ್ಣ ತಿಳಿಹಳದಿ. ಅದು ಬದುಕನ್ನೆಲ್ಲ ಕೋಳಿಯ ಮೇಲೆಯೇ ಕಳೆಯುತ್ತದೆ ಮತ್ತು ಗರಿಯ ಬುಡಕ್ಕೆ ಗೊಂಚಲು ಗೊಂಚಲಾಗಿ ಮೊಟ್ಟೆ ಅಂಟಿಸುತ್ತದೆ. ನುಸಿ ಜೇಡದ ಬಳಗಕ್ಕೆ ಸೇರಿದ್ದು. ಬೆಳೆದ ನುಸಿಗೆ ಎಂಟು ಕಾಲು, ಗಾತ್ರ ಹೆಚ್ಚೆಂದರೆ ಸುಮಾರು 1 ಮಿಲಿಮೀಟರ್. ಹಿತ್ತಲ ಕೋಳಿಗಳನ್ನು ಮುಖ್ಯವಾಗಿ ಕಾಡುವ ನುಸಿಗಳು ಮೂರು ಬಗೆಯವು: ಹಗಲೆಲ್ಲ ಗೂಡಿನ ಸಂದುಗಳಲ್ಲಿ ಅಡಗಿದ್ದು ರಾತ್ರಿ ಮಾತ್ರ ರಕ್ತ ಹೀರಲು ಬರುವ ಕೆಂಪು ನುಸಿ, ಕೋಳಿಯ ಮೈಮೇಲೆಯೇ ಬೀಡುಬಿಡುವ ಮೈನುಸಿ, ಕಾಲಿನ ಹುರುಪೆಯ ಅಡಿಯಲ್ಲಿ ಕೊರೆಯುವ ಕಾಲುನುಸಿ. ಮೊದಲನೆಯದನ್ನು ವಿಜ್ಞಾನಿಗಳು ಡರ್ಮನಿಸಸ್ ಗ್ಯಾಲಿನೇ ಎನ್ನುತ್ತಾರೆ. ಹೆಚ್ಚು ಹಾನಿ ಮಾಡುವುದೂ, ನಮ್ಮ ಕಣ್ಣು ತಪ್ಪಿಸುವುದೂ ಇದೇ.

ಪತ್ತೆ ಹಚ್ಚುವುದು ರಾತ್ರಿಯಲ್ಲಿ

ಹಗಲಿನಲ್ಲಿ ಕೋಳಿಯನ್ನು ಹಿಡಿದು ಎಷ್ಟು ಹುಡುಕಿದರೂ ಕೆಂಪು ನುಸಿ ಸಿಗುವುದಿಲ್ಲ. ಕತ್ತಲಾಗಿ ಎರಡು ಗಂಟೆ ಕಳೆದ ಮೇಲೆ ಟಾರ್ಚ್ ಮತ್ತು ಬಿಳಿಯ ಹತ್ತಿಬಟ್ಟೆ ಹಿಡಿದು ಗೂಡಿಗೆ ಹೋಗಿ, ಕೋಳಿಗಳು ಕೂರುವ ಗಳದ ಅಡಿಭಾಗವನ್ನೂ ಅದರ ಎರಡು ತುದಿಗಳನ್ನೂ ಬಟ್ಟೆಯಿಂದ ಒತ್ತಿ ಒರೆಸಬೇಕು. ಬಟ್ಟೆಯ ಮೇಲೆ ಕೆಂಪು ಗೀರು ಮೂಡಿದರೆ ಅದು ರಕ್ತ ಕುಡಿದ ನುಸಿ ಅರೆದುಹೋದ ಗುರುತು. ರಕ್ತ ಕುಡಿಯದ ನುಸಿ ಬೂದುಬಿಳಿ ಬಣ್ಣದ್ದು, ಅದು ಚಲಿಸಿದರಷ್ಟೇ ಕಾಣುತ್ತದೆ. ಹಗಲಿನಲ್ಲಿಯೇ ನೋಡಬೇಕೆಂದಿದ್ದರೆ ಗಳದ ಸಂದುಗಳಲ್ಲಿ ಉಪ್ಪು ಮತ್ತು ಕರಿಮೆಣಸಿನ ಪುಡಿ ಬೆರೆಸಿ ಉದುರಿಸಿದಂತಹ ಧೂಳನ್ನು ಹುಡುಕಬಹುದು. ಅದು ನುಸಿಯ ಹಿಕ್ಕೆ ಮತ್ತು ಕಳಚಿದ ಪೊರೆ.

ಮೈನುಸಿಯನ್ನು ಮಾತ್ರ ಹಗಲಿನಲ್ಲಿ ಕೋಳಿಯ ಮೇಲೆಯೇ ನೋಡಬಹುದು. ಗುದದ ಸುತ್ತಲಿನ ಗರಿಗಳನ್ನು ಬಿಡಿಸಿದಾಗ ಅವುಗಳ ಬುಡ ಕಪ್ಪಾಗಿ ಕೊಳೆ ಹಿಡಿದಂತಿದ್ದು, ಬೆರಳ ಮೇಲೆ ಚುಕ್ಕೆಗಳು ಹರಿದಾಡಿದರೆ ಅದೇ.

ಗೂಡಿನ ಕೆಲಸ

ಮೊದಲ ಬಾರಿ ನಮ್ಮ ಮನೆಯ ಕೋಳಿಗಳಿಗೆ ನುಸಿ ತಗುಲಿದಾಗ ನಾವು ಪ್ರತಿ ಕೋಳಿಯನ್ನೂ ಹಿಡಿದು ಪುಡಿ ಹಚ್ಚಿದೆವು. ಗೂಡಿನ ಅಡಿಕೆ ದಬ್ಬೆಗಳನ್ನು ಮುಟ್ಟಲೇ ಇಲ್ಲ. ವಾರ ಕಳೆಯುವಷ್ಟರಲ್ಲಿ ನುಸಿ ಮರಳಿತು, ಆ ಸಲದ ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಆ ನೋವು ಇನ್ನೂ ಇರುವುದರಿಂದಲೇ ಗೂಡಿನ ವಿಷಯವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಬಿಸಿಲಿರುವ ದಿನ ಬೆಳಿಗ್ಗೆಯೇ ಕೋಳಿಗಳನ್ನು ಹೊರಗೆ ಬಿಟ್ಟು, ಗೂಡಿನೊಳಗಿನ ಹೊಟ್ಟು, ತರಗೆಲೆ, ಹಳೆಯ ಹುಲ್ಲು ಎಲ್ಲವನ್ನೂ ಕೆರೆದು ತೆಗೆದು ಗೂಡಿನಿಂದ ದೂರದಲ್ಲಿ ಸುಡಬೇಕು. ಗೊಬ್ಬರದ ಗುಂಡಿಗೆ ಹಾಕಿದರೆ ಕೆದಕಲು ಹೋದ ಕೋಳಿಗಳಿಗೆ ಮತ್ತೆ ತಗುಲುತ್ತದೆ. ಕೂರುವ ಗಳಗಳನ್ನೂ ಮೊಟ್ಟೆಯಿಡುವ ಬುಟ್ಟಿಗಳನ್ನೂ ಕಳಚಿ ಹೊರತರಬೇಕು. ಬಿದಿರಿನ ಗಳವಾದರೆ ಅದರ ಸೀಳುಗಳೇ ನುಸಿಯ ಮನೆಗಳಾಗಿರುವುದರಿಂದ ಸುಟ್ಟುಹಾಕಿ, ಸಿಪ್ಪೆ ತೆಗೆದ ನುಣುಪಾದ ಹೊಸ ಗಳ ಹಾಕುವುದು ಒಳ್ಳೆಯದು. ಉಳಿದ ಮರದ ಭಾಗಗಳ ಮೇಲೆ, ವಿಶೇಷವಾಗಿ ಸಂದು, ಮೂಲೆ, ಮೊಳೆ ಹೊಡೆದ ಜಾಗಗಳಲ್ಲಿ, ಕುದಿಯುವ ನೀರನ್ನು ನಿಧಾನವಾಗಿ ಸುರಿಯಬೇಕು. ಕುದಿನೀರಿಗೆ ನುಸಿಯಷ್ಟೇ ಅಲ್ಲದೆ ಅದರ ಮೊಟ್ಟೆಯೂ ಸಾಯುತ್ತದೆ, ಯಾವ ವಿಷವೂ ಗೂಡಿನಲ್ಲಿ ಉಳಿಯುವುದಿಲ್ಲ.

ಗೂಡು ಪೂರ್ತಿ ಒಣಗಿದ ಮೇಲೆ 1 ಲೀಟರ್ ಬೆಚ್ಚನೆಯ ನೀರಿಗೆ 20ರಿಂದ 30 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಒಂದು ಚಮಚ ಸೋಪಿನ ದ್ರಾವಣ ಸೇರಿಸಿ, ಚೆನ್ನಾಗಿ ಕುಲುಕಿ, ಸಂದುಗಳಿಗೆ ಇಳಿಯುವಂತೆ ಸಿಂಪಡಿಸಬಹುದು. ಹಾವಳಿ ತೀವ್ರವಾಗಿದ್ದರೆ ಪರ್ಮೆಥ್ರಿನ್, ಸೈಪರ್‌ಮೆಥ್ರಿನ್‌ನಂತಹ ಔಷಧಿಗಳು ಬೇಕಾಗುತ್ತವೆ. ಇವುಗಳ ಪ್ರಮಾಣವನ್ನು ಪಶುವೈದ್ಯರಿಂದಲೇ ಕೇಳಿ ತಿಳಿಯಬೇಕು. ಕೋಳಿಗಳು, ಮೇವು, ನೀರಿನ ಪಾತ್ರೆ ಹೊರಗಿರುವಾಗ ಮಾತ್ರ ಸಿಂಪಡಿಸಿ, ಒಣಗಿದ ಮೇಲೆಯೇ ಕೋಳಿಗಳನ್ನು ಒಳಗೆ ಬಿಡಬೇಕು. ಜೇನುಪೆಟ್ಟಿಗೆ, ಮೀನಿನ ಹೊಂಡ, ಬೆಕ್ಕು ಇರುವ ಮನೆಯವರು ಇನ್ನಷ್ಟು ಎಚ್ಚರದಿಂದಿರಬೇಕು, ಏಕೆಂದರೆ ಅವುಗಳಿಗೆ ಈ ಔಷಧಿಗಳು ಪ್ರಾಣಾಂತಿಕ. ಕೊನೆಯಲ್ಲಿ ಗೋಡೆಗೂ ಮರಕ್ಕೂ ಗಟ್ಟಿಯಾಗಿ ಸುಣ್ಣ ಬಳಿದರೆ ಸಣ್ಣ ಬಿರುಕುಗಳು ಮುಚ್ಚಿಕೊಳ್ಳುತ್ತವೆ.

ಬೇವಿನ ಸೊಪ್ಪನ್ನೋ ಲಕ್ಕಿ ಸೊಪ್ಪನ್ನೋ ಕಾವಿನ ಬುಟ್ಟಿಯ ತಳಕ್ಕೆ ಹಾಸುವ ಪದ್ಧತಿ ಒಳ್ಳೆಯದೇ. ಆದರೆ ಈಗಾಗಲೇ ಸಂದು ತುಂಬಿರುವ ನುಸಿ ಅದರಿಂದ ಹೋಗುವುದಿಲ್ಲ. ಗೂಡನ್ನು ಕೆಲವು ವಾರ ಖಾಲಿ ಬಿಟ್ಟರೆ ಹಸಿದು ಸಾಯುತ್ತವೆ ಎಂದು ನಂಬುವುದೂ ಸರಿಯಲ್ಲ. ಕೆಂಪು ನುಸಿ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಿರಬಲ್ಲದು.

ಕೋಳಿಯ ಮೈಗೆ

ಕೋಳಿ ತನ್ನ ಮೈಯನ್ನು ತಾನೇ ಶುಚಿ ಮಾಡಿಕೊಳ್ಳುವುದು ಧೂಳಿನಲ್ಲಿ ಹೊರಳಿ. ಮಳೆ ತಾಗದ ಜಾಗದಲ್ಲಿ ಅಗಲವಾದ ಬಾಣಲೆಯನ್ನೋ ಹಳೆಯ ಟೈರನ್ನೋ ಇಟ್ಟು, ಜರಡಿ ಹಿಡಿದ ಒಲೆಬೂದಿ ಮತ್ತು ಒಣಮರಳನ್ನು ತುಂಬಬೇಕು. ಹತ್ತು ಪಾಲಿಗೆ ಒಂದು ಪಾಲಿನಂತೆ ಗಂಧಕದ ಪುಡಿ ಬೆರೆಸಿದರೆ ಮೈನುಸಿಯ ಮೇಲೆ ಪರಿಣಾಮ ಚೆನ್ನಾಗಿರುತ್ತದೆ. ಬೂದಿ ಒದ್ದೆಯಾದರೆ ಚರ್ಮವನ್ನು ಸುಡುವುದರಿಂದ ಮಳೆಗಾಲದಲ್ಲಿ ಆಗಾಗ ಬದಲಾಯಿಸಬೇಕು. ತಾನಾಗಿ ಹೊರಳದ ಕಾವಿನ ಕೋಳಿಯನ್ನು ಹೊಸ ಬುಟ್ಟಿ, ಹೊಸ ಹುಲ್ಲಿಗೆ ಮೊಟ್ಟೆಗಳ ಸಮೇತ ವರ್ಗಾಯಿಸಿ, ರೆಕ್ಕೆಯಡಿ ಮತ್ತು ಗುದದ ಸುತ್ತ ಒಣಬೂದಿಯನ್ನು ಕೈಯಿಂದಲೇ ಸವರಬೇಕು.

ಹೊಗೆಸೊಪ್ಪಿನ ಕಷಾಯ ಮತ್ತು ಸೀಮೆಎಣ್ಣೆಯನ್ನು ಕೋಳಿಯ ಮೈಗೆ ಹಚ್ಚಲೇಬಾರದು. ಹೊಗೆಸೊಪ್ಪಿನ ನಿಕೋಟಿನ್ ಹಕ್ಕಿಗಳಿಗೆ ವಿಷ, ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ. ಐವರ್‌ಮೆಕ್ಟಿನ್‌ನಂತಹ ಔಷಧಿ ಕೊಟ್ಟರೆ ಅದರ ಅಂಶ ಮೊಟ್ಟೆಗೂ ಬರುವುದರಿಂದ, ಎಷ್ಟು ದಿನ ಮೊಟ್ಟೆ ತಿನ್ನಬಾರದು, ಮಾರಬಾರದು ಎಂಬುದನ್ನು ವೈದ್ಯರಿಂದ ಮೊದಲೇ ಕೇಳಿಕೊಳ್ಳಬೇಕು.

ಏಳನೆಯ ದಿನ, ಹದಿನಾಲ್ಕನೆಯ ದಿನ

ನಮ್ಮ ಸೆಕೆಯಲ್ಲಿ ನುಸಿಯ ಮೊಟ್ಟೆ ಎರಡು ಮೂರು ದಿನಗಳಲ್ಲಿ ಒಡೆಯುತ್ತದೆ. ಸುಮಾರು ಏಳರಿಂದ ಹತ್ತು ದಿನಗಳಲ್ಲಿ ಮರಿ ಬೆಳೆದು ತಾನೂ ಮೊಟ್ಟೆಯಿಡುತ್ತದೆ. ಸಿಂಪಡಣೆಗೆ ಮೊಟ್ಟೆಗಳು ಸಾಯುವುದಿಲ್ಲವಾದ್ದರಿಂದ ಗೂಡಿನ ಕೆಲಸವನ್ನು ಏಳನೆಯ ದಿನ ಮತ್ತು ಹದಿನಾಲ್ಕನೆಯ ದಿನ ಪುನಃ ಮಾಡಬೇಕು. ಕೋಳಿಗಳು ಚೇತರಿಸಿಕೊಂಡವೆಂದು ಎರಡನೆಯ ಸುತ್ತನ್ನು ಬಿಟ್ಟವರ ಮನೆಯಲ್ಲಿ ತಿಂಗಳೊಳಗೆ ಹಾವಳಿ ಮರುಕಳಿಸಿದ್ದನ್ನು ನೋಡಿದ್ದೇನೆ.

ಕಾಲುನುಸಿ

ಕಾಲಿನ ಹುರುಪೆಗಳು ಎದ್ದು ನಿಂತು, ಬಿಳಿಯ ಪುಡಿ ಕಟ್ಟಿ, ಕಾಲು ದಪ್ಪವಾಗಿದ್ದರೆ ಉಗುರುಬೆಚ್ಚನೆಯ ಸೋಪಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಮೆದುವಾದ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಒರೆಸಿ, ಬೆರಳ ಸಂದಿನವರೆಗೂ ವ್ಯಾಸಲೀನ್ ಅಥವಾ ತೆಂಗಿನೆಣ್ಣೆಯನ್ನು ದಪ್ಪವಾಗಿ ಹಚ್ಚಬೇಕು. ಹುರುಪೆಯನ್ನು ಕಿತ್ತರೆ ರಕ್ತ ಬಂದು ಹುಣ್ಣಾಗುತ್ತದೆ. ಎರಡು ಮೂರು ದಿನಗಳಿಗೊಮ್ಮೆಯಂತೆ ಮೂರು ನಾಲ್ಕು ವಾರ ಹಚ್ಚಿದರೆ ನುಸಿ ಉಸಿರುಗಟ್ಟಿ ಸಾಯುತ್ತದೆ, ಆದರೆ ಕಾಲು ಮೊದಲಿನ ರೂಪಕ್ಕೆ ಬರಲು ಕೆಲವು ತಿಂಗಳೇ ಬೇಕು.

ಸಂತೆಯಿಂದ ತಂದ ಕೋಳಿಯನ್ನು ಎರಡರಿಂದ ಮೂರು ವಾರ ಬೇರೆ ಮಂಕರಿಯಲ್ಲಿಟ್ಟು ಕಾಲು, ರೆಕ್ಕೆಯಡಿ, ಗುದಭಾಗ ನೋಡಿದ ನಂತರವೇ ಗುಂಪಿಗೆ ಸೇರಿಸಬೇಕು. ಗೂಡಿನ ಸೂರಿನಲ್ಲಿ ಗುಬ್ಬಿ, ಪಾರಿವಾಳಗಳ ಗೂಡಿದ್ದರೆ ಮರಿಗಳು ಹಾರಿಹೋದ ಮೇಲೆ ತೆಗೆಯಬೇಕು, ಅವುಗಳಿಂದಲೂ ನುಸಿ ಇಳಿಯುತ್ತದೆ. ತಿಂಗಳಿಗೊಮ್ಮೆ ರಟ್ಟಿನ ಪೆಟ್ಟಿಗೆಯ ಅಲೆಅಲೆಯಾದ ತುಂಡೊಂದನ್ನು ಸುರುಳಿ ಸುತ್ತಿ ಗಳದ ಅಡಿಗೆ ಕಟ್ಟಿಟ್ಟು, ಎರಡು ರಾತ್ರಿ ಕಳೆದ ಮೇಲೆ ಬಿಳಿಯ ತಟ್ಟೆಯ ಮೇಲೆ ಕೊಡವಿ ನೋಡಬೇಕು. ನುಸಿ ಉದುರಿದರೆ ರಟ್ಟನ್ನು ಕೂಡಲೇ ಸುಟ್ಟು, ಮರುದಿನ ಬೆಳಿಗ್ಗೆಯೇ ಕುದಿನೀರು ಕಾಯಿಸಬೇಕು.