ಉಲ್ಲನ್ನಿನ ಓತಿಕ್ಯಾತ, ಅದರ ಬಾಲದ ಲೆಕ್ಕ

ನಮ್ಮ ಮನೆಯ ದಾಸವಾಳದ ಬೇಲಿಯಲ್ಲಿ ಒಂದು ಓತಿಕ್ಯಾತ ಇದೆ. ಬಿಸಿಲೇರಿದ ಮೇಲೆ ಕಾಂಪೌಂಡ್ ಗೋಡೆಗೆ ಬಂದು ತಲೆ ಆಡಿಸುತ್ತಾ ಕೂರುತ್ತದೆ. ಜೋಡಿ ಹುಡುಕುವ ಕಾಲ ಬಂತೆಂದರೆ ಅದರ ತಲೆ, ಕತ್ತು ಕೆಂಪಾಗುತ್ತವೆ. ಆಗ ಓಣಿಯ ಹುಡುಗರು ಕಲ್ಲು ಹುಡುಕತೊಡಗುತ್ತಾರೆ. ಚಿಕ್ಕವರಿದ್ದಾಗ ನಾವೂ ಹೊಡೆದವರೇ, ಈಗ ನೆನೆದರೆ ಸಂಕಟವಾಗುತ್ತದೆ. ತಂಗಿಯ ಮಗನಿಗೆ ಐದು ವರ್ಷ. ಅವನ ಕೈಗೆ ಕಲ್ಲು ಬರುವ ಮೊದಲು ಉಲ್ಲನ್ನಿನಲ್ಲಿ ಹೆಣೆದ ಓತಿಕ್ಯಾತವೇ ಬರಲಿ ಅನ್ನಿಸಿತು. ನಾನು ಕ್ರೋಶಾ ಕಡ್ಡಿ, ಅಂದರೆ ತುದಿಯಲ್ಲಿ ಕೊಕ್ಕೆ ಇರುವ ಹೆಣಿಗೆ ಕಡ್ಡಿ, ಹಿಡಿದು ಆಗಿನ್ನೂ ಎರಡು ವಾರವಾಗಿತ್ತು.

ಮೊದಲ ತೊಡಕು ಹೆಸರಿನದು. ಅಮ್ಮ ಬಾಗಿಲ ತೋರಣ, ಟೀವಿ ಹೊದಿಕೆ ಎಲ್ಲ ಹಾಕಿದವಳು. "ಪೂರ್ತಿ ಡಬಲ್ ಕ್ರೋಶೆ ಹಾಕು, ಸಾಕು" ಅಂದಳು. ನಾನು ವಿಡಿಯೋದಲ್ಲಿ ಕಲಿತಿದ್ದ ಡಬಲ್ ಹಾಕಿದೆ. ತಲೆ ಜರಡಿಯಾಯಿತು, ಒಳಗಿನ ಹತ್ತಿಯೆಲ್ಲ ಹೊರಗೆ ಇಣುಕಿತು. ಅಮ್ಮ ಕಲಿತದ್ದು ಬ್ರಿಟಿಷ್ ಹೆಸರು, ವಿಡಿಯೋದವರದ್ದು ಅಮೆರಿಕದ ಹೆಸರು. ಅವಳ ಡಬಲ್ ಎಂದರೆ ಅವರ ಸಿಂಗಲ್, ಗಿಡ್ಡಗೆ ಒತ್ತಾಗಿ ಬರುವ ಹೆಣಿಗೆ. ಯಾವ ಮಾದರಿ ಹಿಡಿದರೂ ಅದು ಯಾವ ದೇಶದ ಲೆಕ್ಕ ಎಂದು ಮೊದಲು ನೋಡಿಕೊಳ್ಳಿ.

ಒಣ ಎಲೆ ಬಣ್ಣದ 4 ಪ್ಲೈ ಅಕ್ರಿಲಿಕ್ ಉಲ್ಲನ್ ತಂದೆ, ಕಡ್ಡಿ 2.5 ಮಿ.ಮೀ. ಕಡ್ಡಿ ಸಣ್ಣದಾದಷ್ಟೂ ಹೆಣಿಗೆ ಬಿಗಿ. ಕಪ್ಪು ಉಲ್ಲನ್ ಮಾತ್ರ ಕಲಿಯುವಾಗ ಬೇಡ, ಸ್ಟಿಚ್ ಎಲ್ಲಿದೆ ಎಂದೇ ಕಾಣುವುದಿಲ್ಲ.

ಮೂತಿಯಿಂದ ಬಾಲದ ತುದಿವರೆಗೆ ಒಂದೇ ಕೊಳವೆಯಾಗಿ ಹಾಕಿದೆ. ಶುರುವಿಗೆ ಮ್ಯಾಜಿಕ್ ರಿಂಗ್, ಅಂದರೆ ಎಳೆದರೆ ಬಿಗಿಯಾಗುವ ಉಲ್ಲನ್ನಿನ ಬಳೆ, ಅದರಲ್ಲಿ 6 ಸಿಂಗಲ್. ಚೆಂಡಿಗಾದರೆ ಪ್ರತಿ ಸುತ್ತಿಗೆ 6 ಏರಿಸುತ್ತಾರೆ, ಆದರೆ ಓತಿಕ್ಯಾತದ ಮೂತಿ ಚೂಪು. ಅದಕ್ಕೇ ಮೂರು ಮೂರರಂತೆ 9, 12, 15, 18ಕ್ಕೆ ಏರಿಸಿದೆ. ಕತ್ತಿಗೆ 12ಕ್ಕೆ ಇಳಿಸಿ, ಮೈಗೆ ಮತ್ತೆ 18. ಪ್ರತಿ ಸುತ್ತಿನ ಮೊದಲ ಸ್ಟಿಚ್ಚಿಗೆ ಒಂದು ಸೇಫ್ಟಿ ಪಿನ್ ಸಿಕ್ಕಿಸಿಕೊಂಡಿದ್ದೆ. ಪಿನ್ ಇಲ್ಲದೆ ಎಣಿಸಿದ ದಿನ 18 ಹೋಗಿ 21 ಆಗಿತ್ತು.

ಬಾಲಕ್ಕೆ ಬಂದಾಗ ಆತುರಪಟ್ಟೆ. ಸುತ್ತಿಗೆ ಮೂರು ಇಳಿಸಿ ನಾಲ್ಕೇ ಸುತ್ತಿನಲ್ಲಿ ಮುಗಿಸಿದೆ. ಹುಡುಗ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. "ದೊಡ್ಡಮ್ಮ, ಇದ್ರ ಬಾಲ ಯಾರು ಕಿತ್ರು?" ಎಂದ. ಹಲ್ಲಿಯ ಹಾಗೆ ಓತಿಕ್ಯಾತ ಬಾಲ ಕಳಚಿಕೊಳ್ಳುವ ಪ್ರಾಣಿಯೂ ಅಲ್ಲ. ಮಾರನೇ ದಿನ ಗೋಡೆಯ ಮೇಲಿನದನ್ನು ಸರಿಯಾಗಿ ನೋಡಿದೆ. ತಲೆ, ಮೈ ಸೇರಿಸಿದರೆ ಎಷ್ಟೋ ಅದರ ಎರಡರಷ್ಟು ಬಾಲ. ಎಲ್ಲಿ ಮೈ ಮುಗಿದು ಬಾಲ ಶುರುವಾಯಿತೆಂದು ಹೇಳಲು ಬಾರದಷ್ಟು ನಿಧಾನವಾಗಿ ಸಣ್ಣಗಾಗುತ್ತದೆ.

ಬಿಚ್ಚಿದೆ. ಈ ಸಲ ಮೂರು ಸುತ್ತಿಗೆ ಒಂದೇ ಸ್ಟಿಚ್ ಇಳಿಸಿದೆ. 18ರಿಂದ 6ಕ್ಕೆ ಬರಲು 36 ಸುತ್ತು, ಆಮೇಲೆ 6ರಲ್ಲೇ ಇನ್ನೂ 12 ಸುತ್ತು. ನನ್ನ ಕೈಯ ಬಿಗಿಗೆ ಒಂದು ಸುತ್ತು ಹೆಚ್ಚುಕಡಿಮೆ 4 ಮಿ.ಮೀ. ಬರುತ್ತದೆ, ಬಾಲ 19 ಸೆಂ.ಮೀ. ಆಯಿತು. ಇಳಿಸುವ ಜಾಗವನ್ನು ಪ್ರತಿ ಸಲವೂ ಎದುರು ಮಗ್ಗುಲಿಗೆ ಬದಲಿಸಬೇಕು, ಇಲ್ಲದಿದ್ದರೆ ಒಂದೇ ಕಡೆ ಗೆರೆ ಮೂಡುತ್ತದೆ. ಸ್ಟಿಚ್ಚಿನ ನೆತ್ತಿಯ ಮೇಲೆ ಜಡೆಯಂತೆ ಎರಡು ಎಳೆ ಇರುತ್ತವಲ್ಲ, ಅಕ್ಕಪಕ್ಕದ ಎರಡು ಸ್ಟಿಚ್ಚುಗಳ ಮುಂದಿನ ಎಳೆಗೆ ಮಾತ್ರ ಕಡ್ಡಿ ಹಾಕಿ ಒಂದಾಗಿಸಿದರೆ ಇಳಿಸಿದ್ದು ಕಾಣುವುದೇ ಇಲ್ಲ.

ಹತ್ತಿ ತುಂಬುವುದನ್ನು ಕೊನೆಗೆ ಇಟ್ಟುಕೊಂಡರೆ ಬಾಲದೊಳಕ್ಕೆ ಏನೂ ಇಳಿಯುವುದಿಲ್ಲ. ಐದಾರು ಸುತ್ತಿಗೊಮ್ಮೆ ತುಂಬುತ್ತಾ ಹೋದೆ. ಹಳೆ ದಿಂಬಿನ ಪಾಲಿಯೆಸ್ಟರ್ ಹತ್ತಿಯನ್ನು ದೀಪದ ಬತ್ತಿಯಂತೆ ಅಂಗೈಯಲ್ಲಿ ಹೊಸೆದು, ಪೆನ್ಸಿಲಿನ ಮೊಂಡು ತುದಿಯಿಂದ ತಳ್ಳಿದೆ. ಬತ್ತಿ ಹೊಸೆಯಲು ಅಜ್ಜಿ ಕಲಿಸಿದ್ದು ಇಲ್ಲಿ ಕೈಹಿಡಿಯಿತು.

ಕಾಲುಗಳು ಸುಲಭ. 5 ಸ್ಟಿಚ್ಚಿನ ಸಣ್ಣ ಕೊಳವೆಗಳು, ಮುಂದಿನವು 10 ಸುತ್ತು, ಹಿಂದಿನವು 14. ಹೊಲಿಯುವ ಮೊದಲು ಗುಂಡುಪಿನ್ನಿನಲ್ಲಿ ಸಿಕ್ಕಿಸಿ ನಿಲ್ಲಿಸಿ ನೋಡಿದೆ. ಆಮೇಲೆ ಪಿನ್ನುಗಳನ್ನು ಎಣಿಸಿ ತೆಗೆದೆ. ಬೆನ್ನಿನ ಮುಳ್ಳಿಗೆ ಕತ್ತಿನಿಂದ ನಡುವಿನವರೆಗೆ ಒಂದು ಸ್ಲಿಪ್ ಸ್ಟಿಚ್ (ಎತ್ತರವೇ ಇಲ್ಲದ, ಮೈಗೆ ಅಂಟಿಸುವ ಸ್ಟಿಚ್), ಎರಡು ಚೈನ್ (ಸರಪಳಿಯಂತೆ ಬರುವ ಬಿಡಿ ಕುಣಿಕೆ) ಎಂದು ಸಾಲಾಗಿ ಹಾಕಿದೆ. ಕಣ್ಣಿಗೆ ಪ್ಲಾಸ್ಟಿಕ್ ಮಣಿ ಬೇಡವೆಂದು ಕಪ್ಪು ದಾರದಲ್ಲೇ ಹೊಲಿದೆ. ಮನೆಯಲ್ಲಿ ಅವನ ತಂಗಿ ಪುಟ್ಟಿ ಇದ್ದಾಳೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು.

ಒಂಬತ್ತು ಸಂಜೆ ಹಿಡಿಯಿತು. ಕೈಗೆ ಕೊಟ್ಟಾಗ ಅವನು ಬಾಲವನ್ನು ತುದಿವರೆಗೂ ಸವರಿದ, ಆಮೇಲೆ ಕತ್ತು ಮುಟ್ಟಿ "ಇದಕ್ಕೆ ಕೆಂಪು ಯಾವಾಗ ಬರತ್ತೆ?" ಎಂದು ಕೇಳಿದ. ಕೆಂಪು ಉಲ್ಲನ್ನಿನಲ್ಲಿ 18 ಚೈನಿನ ಒಂದು ಬಳೆ ಮಾಡಿ, ಐದು ಸುತ್ತು ಹಾಕಿ, ತಲೆಯ ಮೇಲಿಂದ ಜಾರಿಸಿ ಕತ್ತಿಗೆ ತೊಡಿಸುವಂತೆ ಮಾಡಿಕೊಟ್ಟೆ. ಅದನ್ನು ತೊಡಿಸದೆ ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾನೆ. ಗೋಡೆ ಮೇಲಿನದು ಕೆಂಪಾದ ದಿನ ಇದಕ್ಕೂ ಹಾಕಬೇಕಂತೆ. ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತಾನೆ.