ಫೆಸೆಂಟ್ ಬೇಟೆಗೆ ಕರೆದ್ರೆ ಹೋಗಿ: ಸೌತ್ ಡಕೋಟಕ್ಕೆ ಹೊಸದಾಗಿ ಬಂದಿರೋರಿಗೆ

ಅಮೆರಿಕದ ಸೌತ್ ಡಕೋಟ ರಾಜ್ಯದ ಸೂ ಫಾಲ್ಸ್, ಬ್ರೂಕಿಂಗ್ಸ್, ಅಬರ್ಡೀನ್ ಕಡೆ ಕೆಲಸಕ್ಕೋ ಓದಕ್ಕೋ ಬಂದಿರೋ ನಮ್ಮವರಿಗೆ ಸೆಪ್ಟೆಂಬರ್ ಮುಗಿಯೋ ಹೊತ್ತಿಗೆ ಒಂದು ಕರೆ ಬರುತ್ತೆ, ಫೆಸೆಂಟ್ ಅನ್ನೋ ಕೋಳಿ ಜಾತಿಯ ಹಕ್ಕಿ ಬೇಟೆಗೆ. ಆಫೀಸಲ್ಲಿ ಪಕ್ಕದ ಸೀಟಿನವರೋ ಎದುರುಮನೆಯವರೋ, ಅಕ್ಟೋಬರ್ ಮೂರನೇ ಶನಿವಾರ ಫೆಸೆಂಟ್ ಸೀಸನ್ ಶುರು, ನಮ್ಮಣ್ಣನ ಹೊಲಕ್ಕೆ ಹೋಗ್ತಿದೀವಿ, ನೀನೂ ಬಾ ಅಂತಾರೆ. ನಮ್ಮವರು ಏನೋ ನೆಪ ಹೇಳಿ ಜಾರ್ಕೊಳ್ತಾರೆ, ನಾವು ವೆಜ್ಜು, ಗನ್ ಅಂದ್ರೆ ಭಯ, ಮಗೂಗೆ ಡ್ಯಾನ್ಸ್ ಕ್ಲಾಸ್ ಇದೆ. ಆಮೇಲೆ ಎಷ್ಟೋ ವರ್ಷ ಆದ್ಮೇಲೂ "ಇಲ್ಲಿಯವರು ಹಾಯ್ ಅಂತಾರೆ ಅಷ್ಟೇ, ಹತ್ರ ಸೇರಿಸಲ್ಲ" ಅಂತ ಕೊರಗ್ತಾ ಕೂರ್ತಾರೆ. ಹತ್ರ ಸೇರಿಸೋಕೇ ಕರೆದಿದ್ದು ಕಣ್ರೀ ಅವತ್ತು! ಈ ರಾಜ್ಯದಲ್ಲಿ ಆ ಶನಿವಾರ ನಮ್ಮೂರಲ್ಲಿ ಜಾತ್ರೆ ಇದ್ದಷ್ಟೇ ದೊಡ್ಡದು, ದೂರದ ಊರಿಗೆ ಹೋದ ಮಕ್ಕಳೆಲ್ಲ ಅವತ್ತು ಮನೆಗೆ ಬರ್ತಾರೆ, ಅಂಥ ದಿನ ಹೊರಗಿನವರನ್ನ ಕರೆಯೋದು ಸುಮ್ನೆ ಬಾಯಿಮಾತಲ್ಲ.

ಆದ್ರೆ ಹೋಗೋ ಮುಂಚೆ ಒಂದು ವಿಷಯ ತಲೇಲಿ ಗಟ್ಟಿಯಾಗಿ ಕೂರಿಸ್ಕೊಳ್ಳಿ. ಎಚ್1ಬಿ, ಎಚ್4, ಎಫ್1, ವಿಸಿಟರ್ ವೀಸಾ, ಇವೆಲ್ಲ ನಾನ್ ಇಮಿಗ್ರೆಂಟ್ ವೀಸಾ, ಅಂದ್ರೆ ಕಾಯಂ ಆಗಿ ಅಲ್ಲ, ಸ್ವಲ್ಪ ಕಾಲ ಇರೋಕೆ ಕೊಡೋದು. ಈ ವೀಸಾದಲ್ಲಿ ಇರೋರು ಗನ್ ಆಗಲಿ ತೋಟಾ ಆಗಲಿ ಇಟ್ಕೊಳ್ಳೋದು ಫೆಡರಲ್ (ಕೇಂದ್ರ ಸರ್ಕಾರದ) ಕಾನೂನಲ್ಲಿ ಅಪರಾಧ. ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಇಲ್ಲೇ ಕಾಯಂ ಇರೋಕೆ ಅನುಮತಿ ಇರೋ ಗ್ರೀನ್ ಕಾರ್ಡ್‌ನವರಿಗೆ ಈ ತಡೆ ಇಲ್ಲ. "ಒಂದು ಫೋಟೋಗೆ ಹಿಡ್ಕೊಂಡ್ರೆ ಏನಾಗುತ್ತೆ" ಅನ್ನೋದೇ ನಮ್ಮವರು ಮಾಡೋ ದೊಡ್ಡ ತಪ್ಪು. ಊರಿಂದ ಬಂದ ಅಪ್ಪನ ಕೈಗೆ ಸ್ನೇಹಿತರ ಕೋವಿ ಕೊಟ್ಟು ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕೋದನ್ನ ನೋಡಿದ್ರೆ ನನಗೆ ಎದೆ ಧಸಕ್ ಅನ್ನುತ್ತೆ, ಇಷ್ಟು ವರ್ಷ ಕಟ್ಟಿದ್ದೆಲ್ಲ ಒಂದು ಫೋಟೋಗೆ ಹೋಗಬೇಕಾ? ಕೊಡಗಿನವರಿಗೂ ಇದೇ ಮಾತು. ಕೈಲ್‌ಪೊಳ್ದ್‌ಗೆ ಕೋವಿ ಪೂಜೆ ಮಾಡೋ ಮನೆಯವರು ನೀವು, ಕೈ ಪಳಗಿರಬಹುದು, ಆದ್ರೆ ಊರಲ್ಲಿ ಲೈಸೆನ್ಸ್ ಇಲ್ದೆ ಕೋವಿ ಇಟ್ಕೊಳ್ಳೋಕೆ ಇರೋ ರಿಯಾಯಿತಿ ಇಲ್ಲಿ ನಡೆಯಲ್ಲ. ಲೈಸೆನ್ಸ್ ತಗೊಳ್ಳಿ, ನಿಮ್ಮ ಇಮಿಗ್ರೇಷನ್ ಲಾಯರ್‌ನ ಒಂದು ಮಾತು ಕೇಳಿ. ಲೈಸೆನ್ಸು, ಅದರ ಜೊತೆ ತಗೊಳ್ಳೋ ಹ್ಯಾಬಿಟಾಟ್ ಸ್ಟ್ಯಾಂಪು (ವನ್ಯಜೀವಿಗಳ ನೆಲೆಗೆ ಅಂತ ಕಟ್ಟೋ ದುಡ್ಡು) ಎಲ್ಲ ರಾಜ್ಯದ ಗೇಮ್ ಫಿಶ್ ಅಂಡ್ ಪಾರ್ಕ್ಸ್ ಇಲಾಖೆ ಸೈಟಲ್ಲೇ ಸಿಗುತ್ತೆ, ಅದೇನು ದೊಡ್ಡ ಕೆಲಸ ಅಲ್ಲ.

ಗನ್ ಬೇಡ ಅಂದ್ರೂ ಹೋಗಬಹುದು. ಗುಂಪಲ್ಲಿ ಬರಿಗೈಲಿ ನಡೆಯೋರು, ನಾಯಿ ನೋಡ್ಕೊಳ್ಳೋರು, ಊಟ ನೋಡ್ಕೊಳ್ಳೋರು ಇದ್ದೇ ಇರ್ತಾರೆ, ಯಾರೂ ಏನೂ ಅಂದ್ಕೊಳ್ಳಲ್ಲ.

ಬೇಟೆ ಅಂದ ಕೂಡ್ಲೇ ನಮಗೆ ಪಾಪ, ಅಪರಾಧ ಅನ್ಸೋದು ಸಹಜ, 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಬೆಳೆದ ತಲೆಮಾರು ನಮ್ದು. ಇಲ್ಲಿ ಲೆಕ್ಕ ಬೇರೆ ಥರ. 1937ರಿಂದ ಕೋವಿ, ತೋಟಾ ಮೇಲೆ ಹಾಕೋ ಫೆಡರಲ್ ತೆರಿಗೆ ದುಡ್ಡು ವನ್ಯಜೀವಿಗಳ ಕೆಲಸಕ್ಕೆ ರಾಜ್ಯಗಳಿಗೆ ಹೋಗುತ್ತೆ. ಈ ಹಕ್ಕಿನೂ ಇಲ್ಲಿಯದಲ್ಲ, ಮೂಲ ಏಷ್ಯಾದ್ದು, ನಮ್ಮ ಕಾಡುಕೋಳಿ, ನವಿಲಿನ ಕುಟುಂಬಕ್ಕೇ ಸೇರಿದ್ದು. 1908ರಲ್ಲಿ ಈ ರಾಜ್ಯದ ರೆಡ್‌ಫೀಲ್ಡ್ ಹತ್ರ ತಂದು ಬಿಟ್ಟಿದ್ದು ನೆಲ ಹಿಡಿದು ಬೆಳೀತು, 1919ರಲ್ಲಿ ಆ ಊರಿರೋ ಸ್ಪಿಂಕ್ ಕೌಂಟಿಲೇ (ಜಿಲ್ಲೆ ಇದ್ದ ಹಾಗೆ) ಒಂದೇ ದಿನದ ಮೊದಲ ಸೀಸನ್ ಆಯ್ತು, 1943ರಲ್ಲಿ ರಾಜ್ಯಪಕ್ಷಿನೂ ಆಯ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಬರ್ಡೀನ್ ಸ್ಟೇಷನ್‌ಗೆ ಬರ್ತಿದ್ದ ಸೈನಿಕರಿಗೆ ಸುತ್ತಲಿನ ಹಳ್ಳಿ ಹೆಂಗಸರು ಫೆಸೆಂಟ್ ಸ್ಯಾಂಡ್‌ವಿಚ್ ಮಾಡಿ ಪುಕ್ಕಟೆ ಕೊಡ್ತಿದ್ರಂತೆ. ಇದನ್ನ ಇಲ್ಲಿಯ ಅಜ್ಜಿಯರು ಹೇಳುವಾಗ ಕೇಳಬೇಕು ನೀವು.

ಇನ್ನು ಹೊಲ. ಕೋವಿ ಹಾರಿಸೋದು ಬೆಳಿಗ್ಗೆ 10ರ ಮೇಲೆ, ಸೂರ್ಯ ಮುಳುಗೋ ತನಕ. ಒಬ್ಬರಿಗೆ ದಿನಕ್ಕೆ 3 ಹುಂಜ, ಹೇಂಟೆ ಮುಟ್ಟಂಗಿಲ್ಲ. ಹುಂಜಕ್ಕೆ ಹಸಿರು ತಲೆ, ಕೆಂಪು ಮುಖ, ಕತ್ತಲ್ಲಿ ಬಿಳಿ ಪಟ್ಟಿ, ಉದ್ದ ಬಾಲ, ಹೇಂಟೆ ಪೂರ್ತಿ ಮಣ್ಣಿನ ಬಣ್ಣ. ಕಾರ್ ಬಾಗಿಲು ದಬ್ ಅಂತ ಹಾಕಬೇಡಿ, ಹಕ್ಕಿಗೆ ಅಷ್ಟೇ ಸಾಕು. ಅರ್ಧ ಜನ ಹೊಲದ ಆ ತುದೀಲಿ ನಿಲ್ತಾರೆ, ಉಳಿದವರು ಈ ಕಡೆಯಿಂದ ಕೂರಿಗೆ ಸಾಲಿನ ಹಾಗೆ ಒಂದೇ ಸಮ ನಡ್ಕೊಂಡು ಬರ್ತಾರೆ. ಸಾಲು ಬಿಟ್ಟು ಮುಂದೆ ಹೋಗಬೇಡಿ, ಹಿಂದೆ ಉಳೀಬೇಡಿ, ಫೋನ್ ತೆಗೆದು ವಿಡಿಯೋ ಮಾಡ್ತಾ ನಿಲ್ಲಬೇಡಿ, ಇಲ್ಲಿ ಅನಾಹುತ ಆಗೋದೇ ಆ ಗಳಿಗೇಲಿ. ಈ ಹಕ್ಕಿ ಮೊದಲು ಹಾರಲ್ಲ, ಓಡುತ್ತೆ, ಹೊಲದ ಕೊನೆಗೆ ಬಂದು ದಾರಿ ಇಲ್ಲ ಅಂದಾಗ ಕಕಕ ಅಂತ ಕೂಗ್ತಾ ಒಟ್ಟಿಗೇ ಏಳುತ್ವೆ, ಅಲ್ಲೇ ಎದುರಿಗೆ ಜನ ನಿಂತಿರ್ತಾರೆ. ಹಕ್ಕಿ ಹಿಂದೆ ಆಕಾಶ ಕಾಣದೆ ಯಾರೂ ಹೊಡೆಯಂಗಿಲ್ಲ. ಕಿತ್ತಳೆ ಬಣ್ಣದ ಟೋಪಿ, ಜಾಕೆಟ್ ಇಲ್ದೆ ಸಾಲಿಗೆ ಇಳೀಬೇಡಿ, ಅವರ ಹತ್ರ ಹೆಚ್ಚಿಗೆ ಇರುತ್ತೆ, ಕೇಳಿ ಇಸ್ಕೊಳ್ಳಿ. ಜೀನ್ಸ್, ಸ್ನೀಕರ್ಸ್‌ನಲ್ಲಿ ಹೋಗ್ಬೇಡಿ, ಎದೆ ಮಟ್ಟದ ಸ್ವಿಚ್‌ಗ್ರಾಸ್ ಅನ್ನೋ ಹುಲ್ಲಲ್ಲಿ ಒಂದು ಮೈಲಿ ನಡೆಯೋ ಹೊತ್ತಿಗೆ ಇಬ್ಬನಿಗೆ ತೊಡೆ ತನಕ ನೆನೆದಿರ್ತೀರಿ, ಮೇಲೆ ಆ ಗಾಳಿ.

ನಾನು ಹಾವೇರಿ ಕಡೆಯವನು. ಇಲ್ಲಿ ಹಕ್ಕಿಗೆ ಅಂತಲೇ ಹೊಲದ ಅಂಚಲ್ಲಿ ಮೈಲೋ ಬಿತ್ತಿರ್ತಾರೆ, ಅದು ನಮ್ಮ ಜೋಳನೇ, ಗಿಡ್ಡ ಗಿಡ, ಕೆಂಪು ತೆನೆ, ಕಾಳು ತಿಕ್ಕಿ ಬಾಯಿಗೆ ಹಾಕ್ಕೊಂಡ್ರೆ ಗೊತ್ತಾಗುತ್ತೆ. ಸೀತನಿ ತಿಂದು ಬೆಳೆದ ನಮಗೆ ಆ ಹೊಲದಲ್ಲಿ ನಡೆಯೋವಾಗ ಏನೇನೋ ಆಗುತ್ತೆ. ಊರಲ್ಲಿ ನಮ್ಮ ಹೊಲ ಈಗ ಬೇರೆಯವರ ಹೆಸರಲ್ಲಿದೆ, ರಜಕ್ಕೆ ಹೋದ್ರೆ ಮಕ್ಕಳನ್ನ ಕರ್ಕೊಂಡು ಹೋಗಿ ಇದು ನಮ್ದು ಅಂತ ತೋರಿಸೋಕೆ ಬದು ಕೂಡ ಉಳಿದಿಲ್ಲ. ನನ್ನ ಮಗಳಿಗೆ ಜೋಳದ ಹೊಲ ಅಂದ್ರೆ ಇದೇ. ಅವಳಿಗೆ ಗಾಳಿ ಯಾವ ಕಡೆಯಿಂದ ಬರ್ತಿದೆ, ನಾಯಿ ಬಾಲ ಯಾಕೆ ಗಟ್ಟಿಯಾಯ್ತು ಎಲ್ಲ ಗೊತ್ತು, ಕೂರಿಗೆ ಗೊತ್ತಿಲ್ಲ. ಮೊದಮೊದಲು ಸಂಕಟ ಆಗ್ತಿತ್ತು, ಈಗಲೂ ಪೂರ್ತಿ ಹೋಗಿಲ್ಲ, ಆದ್ರೆ ಮಗುಗೆ ಕಾಲಿಡೋಕೆ ಒಂದು ನೆಲ ಅಂತ ಬೇಕಲ್ವಾ, ನಮ್ಮ ನೆನಪಿನ ಹೊಲದಲ್ಲಿ ಅದು ಹೇಗೆ ನಡೆಯುತ್ತೆ ಹೇಳಿ.

ಮಕ್ಕಳ ವಿಷಯ ಬಂತಲ್ಲ, ಬೇಟೆಗೆ ಕಳಿಸ್ತೀರೋ ಇಲ್ವೋ ನಿಮಗೆ ಬಿಟ್ಟಿದ್ದು, ಆದ್ರೆ ಸ್ನೇಹಿತರ ಮನೇಲಿ ರಾತ್ರಿ ಉಳಿಯೋಕೆ ಕಳಿಸೋ ಮುಂಚೆ "ಗನ್ ಎಲ್ಲಿಟ್ಟಿದೀರಿ, ಬೀಗ ಹಾಕಿದೆಯಾ" ಅಂತ ನೇರ ಕೇಳಿ. ದಾಕ್ಷಿಣ್ಯ ಬೇಡ. ಜವಾಬ್ದಾರಿ ಇರೋ ಬೇಟೆಗಾರರು ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ, ಗನ್ ಇಡೋ ಬೀರು ಇರೋ ಜಾಗಕ್ಕೇ ಕರ್ಕೊಂಡು ಹೋಗಿ ತೋರಿಸ್ತಾರೆ.

ಸಂಜೆ ಟ್ರಕ್ ಹಿಂದೆ ಹಕ್ಕಿ ಹಸನು ಮಾಡುವಾಗ ಪಕ್ಕ ನಿಂತು ಕೈ ಹಾಕಿ, ದೂರ ನಿಂತು ನೋಡಬೇಡಿ. ಕತ್ತಿನ ಕೆಳಗಿನ ಕಾಳಿನ ಚೀಲ ಬಿಚ್ಚಿದ್ರೆ ಅದೇ ಕೆಂಪು ಜೋಳ ಇನ್ನೂ ಹಾಗೇ ಇರುತ್ತೆ. ಕಾಲಿನ ಹಿಂದಿನ ಮುಳ್ಳು ನೋಡಿ, ಮೊಂಡಾಗಿದ್ರೆ ಈ ವರ್ಷದ ಹಕ್ಕಿ, ಉದ್ದ ಚೂಪಾಗಿದ್ರೆ ಹಳೇದು, ಕುಕ್ಕರ್‌ಗೆ ಜಾಸ್ತಿ ವಿಷಲ್ ಬೇಕು. ಮನೆ ತಲುಪೋ ತನಕ ತಲೆನೋ ರೆಕ್ಕೆನೋ ಕಾಲೋ ಒಂದು ಹಕ್ಕಿಗೆ ಅಂಟ್ಕೊಂಡಿರಬೇಕು, ದಾರೀಲಿ ಅಧಿಕಾರಿ ನಿಲ್ಲಿಸಿದ್ರೆ ಹುಂಜ ಅಂತ ಗೊತ್ತಾಗೋಕೆ. ತೊಡೆ ಕಾಲು ನಾಟಿ ಕೋಳಿ ಸಾರಿನ ಥರ ಮಾಡಿ, ಎದೆ ಮಾಂಸಕ್ಕೆ ಕೊಬ್ಬಿಲ್ಲ, ಬೇಗ ಒಣಗುತ್ತೆ, ಬೇರೆ ತೆಗೆದು ಹುರ್ಕೊಳ್ಳಿ. ಮಕ್ಕಳಿಗೆ ಬಡಿಸೋ ಮುಂಚೆ ಬೆರಳಲ್ಲಿ ಒತ್ತಿ ಒತ್ತಿ ಚರೆ (ತೋಟಾದ ಸಣ್ಣ ಗುಂಡು) ಇದೆಯಾ ನೋಡಿ.

ವೆಜ್ ಇರೋರು ಮೊದಲೇ ಹೇಳಿಬಿಡಿ, ಮಧ್ಯಾಹ್ನದ ಊಟಕ್ಕೆ ಒಂದು ಡಬ್ಬಿ ಚಿತ್ರಾನ್ನ ಎಲ್ಲರಿಗೂ ಆಗೋಷ್ಟು ತಗೊಂಡು ಹೋಗಿ, ಖಾರ ಕಮ್ಮಿ ಮಾಡಿ. ಹೊಲದವರಿಗೆ ವಾರದೊಳಗೆ ಕೈಬರಹದಲ್ಲಿ ಒಂದು ಥ್ಯಾಂಕ್ಸ್ ಕಾರ್ಡ್ ಕಳಿಸಿ, ಇಲ್ಲಿ ಅದನ್ನ ತುಂಬಾ ನೆನಪಿಟ್ಕೋತಾರೆ. ಯಾರೂ ಕರೀಲಿಲ್ಲ ಅಂದ್ರೆ ಆಗಸ್ಟಲ್ಲೇ ನೀವೇ ಬಾಯಿಬಿಟ್ಟು ಕೇಳಿ, ಅಕ್ಟೋಬರ್ ತನಕ ಕಾದ್ರೆ ಗುಂಪು ತುಂಬಿರುತ್ತೆ.