ನೆಟ್ ನಿಂತಾಗ ರೀಸೆಟ್ ತೂತಿಗೆ ಪಿನ್ ಚುಚ್ಚಬೇಡಿ

ಬಳ್ಳಾರಿಯ ಜೀನ್ಸ್ ಘಟಕವೊಂದರ ಮುಂದೆ ಆಂಧ್ರಕ್ಕೆ ಹೊರಟ ಗಾಡಿ ಸರಕು ತುಂಬಿಕೊಂಡು ನಿಂತಿತ್ತು. 50,000 ರೂಪಾಯಿ ಮೀರಿದ ಸರಕು, ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಜಿಎಸ್‌ಟಿ ದಾಖಲೆ) ಇಲ್ಲದೆ ಕದಲುವಂತಿಲ್ಲ. ಬಿಲ್ ತೆಗೆಯಲು ಕೂತಾಗಲೇ ನೆಟ್ ಹೋಗಿತ್ತು. ನಾನು ಹೋಗುವಷ್ಟರಲ್ಲಿ ಅಲ್ಲಿದ್ದ ಹುಡುಗ ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ಹಿಡಿದಿದ್ದ. "ಅಣ್ಣಾ, ರೀಸೆಟ್ ಮಾಡಿದ್ರೂ ಬರವಲ್ದು" ಎಂದ. ಬರುವುದಾದರೂ ಹೇಗೆ? ಆ ಗುಂಡಿ ಒತ್ತಿದರೆ ರೂಟರ್‌ನಲ್ಲಿ ತುಂಬಿಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಅಳಿಸಿಹೋಗುತ್ತವೆ. ಮೂಲ ತೊಂದರೆ ತಾನಾಗಿ ಸರಿಹೋದರೂ, ಅವನ್ನು ಮತ್ತೆ ತುಂಬುವವರೆಗೆ ನೆಟ್ ಇಲ್ಲ. ಇದನ್ನು ಎಷ್ಟೋ ಅಂಗಡಿಗಳಲ್ಲಿ ನೋಡಿ ನೋಡಿ ಈ ಲೇಖನ ಬರೆಯುತ್ತಿದ್ದೇನೆ. ತೊಂದರೆ ನಮ್ಮ ಗೋಡೆಯ ಒಳಗಿದೆಯೋ ಹೊರಗಿದೆಯೋ ಎಂದು ತಿಳಿಯಲು ವಿಂಡೋಸ್‌ನಲ್ಲೇ ಇರುವ ನಾಲ್ಕು ಕಮಾಂಡ್ ಸಾಕು.

ಮೊದಲು ಫೈಬರ್ ಡಬ್ಬಿಯ ದೀಪ ನೋಡಿ. ಎಲ್‌ಒಎಸ್ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕು ನಿಮ್ಮ ಡಬ್ಬಿಯವರೆಗೆ ಬರುತ್ತಿಲ್ಲ ಎಂದರ್ಥ. ಯಾವ ಕಮಾಂಡೂ ಬೇಡ, ದೂರು ಕೊಡಿ.

ದೀಪ ಸರಿಯಿದ್ದರೆ ಕೀಬೋರ್ಡ್‌ನ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸಿಎಂಡಿ (cmd) ಎಂದು ಬರೆದು ಎಂಟರ್ ಕೊಡಿ. ತೆರೆದ ಕಪ್ಪು ಪರದೆಯಲ್ಲಿ ಐಪಿಕಾನ್ಫಿಗ್ (ipconfig) ಎಂದು ಟೈಪ್ ಮಾಡಿ ಎಂಟರ್ ಕೊಡಿ. ಐಪಿವಿ4 ವಿಳಾಸ ಮತ್ತು ಡೀಫಾಲ್ಟ್ ಗೇಟ್‌ವೇ, ಈ ಎರಡು ಸಾಲು ಮಾತ್ರ ನಮಗೆ ಬೇಕು. ಗೇಟ್‌ವೇ ಅಂದರೆ ನಿಮ್ಮ ರೂಟರ್. ಬಹಳ ಕಡೆ ಅದು 192.168.1.1 ಇರುತ್ತದೆ. ವಿಳಾಸ 169.254 ಎಂದು ಶುರುವಾಗಿದ್ದರೆ ಕಂಪ್ಯೂಟರಿಗೆ ರೂಟರ್ ವಿಳಾಸವನ್ನೇ ಕೊಟ್ಟಿಲ್ಲ, ಅದು ತಾನೇ ಒಂದನ್ನು ಇಟ್ಟುಕೊಂಡಿದೆ. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ, ರೂಟರನ್ನು ಸ್ವಿಚ್‌ನಲ್ಲಿ ಆರಿಸಿ ಹಚ್ಚಿ. ಪಿನ್ ಮಾತ್ರ ಬೇಡ.

ಇನ್ನು ಪಿಂಗ್. ಜನ ಎಡವುವುದು ಇಲ್ಲಿಯೇ. ಮೈಕ್ ಮುಸ್ ಎಂಬ ಅಮೆರಿಕದ ತಂತ್ರಜ್ಞ 1983ರಲ್ಲಿ ಬರೆದ ಈ ಪುಟ್ಟ ಪ್ರೋಗ್ರಾಂ ಮಾಡುವುದು ಇಷ್ಟೇ: ಕೂಗು ಹಾಕುತ್ತದೆ, ಓಗೊಡಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯುತ್ತದೆ. ಎಲ್ಲರೂ ನೇರವಾಗಿ ಯಾವುದೋ ವೆಬ್‌ಸೈಟಿಗೆ ಪಿಂಗ್ ಮಾಡುತ್ತಾರೆ, ಉತ್ತರ ಬರದಿದ್ದರೆ ಕಂಪನಿಯನ್ನು ಬೈಯುತ್ತಾರೆ. ಹತ್ತಿರದಿಂದ ದೂರಕ್ಕೆ ಹೋಗಬೇಕು. ಪಿಂಗ್ (ping) ಎಂದು ಬರೆದು, ಒಂದು ಜಾಗ ಬಿಟ್ಟು ವಿಳಾಸ ಕೊಡಿ: ಮೊದಲು ಗೇಟ್‌ವೇಗೆ, ಆಮೇಲೆ ಹೊರಗಿರುವ ಗೂಗಲ್‌ನ ವಿಳಾಸವಾದ 8.8.8.8ಕ್ಕೆ, ಕೊನೆಗೆ ಹೆಸರಿರುವ ಒಂದು ವೆಬ್‌ಸೈಟಿಗೆ.

ಗೇಟ್‌ವೇಗೆ ಪಿಂಗ್ ಮಾಡಿದಾಗ "ರಿಕ್ವೆಸ್ಟ್ ಟೈಮ್ಡ್ ಔಟ್" ಎಂದು ಬಂದರೆ ಕೂಗು ಹೋಯಿತು, ಓಗೊಡುವವರಿಲ್ಲ. "ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್" ಎಂದು ಬಂದರೆ ಎಚ್ಚರ. ಆ ಸಾಲು "ರಿಪ್ಲೈ ಫ್ರಮ್" ಎಂದೇ ಶುರುವಾಗುತ್ತದೆ. ಕೆಳಗಿನ ಲೆಕ್ಕದಲ್ಲಿ ನಾಲ್ಕು ಕಳಿಸಿದೆ, ನಾಲ್ಕು ಬಂದಿವೆ, ನಷ್ಟ 0% ಎಂದೂ ಇರುತ್ತದೆ. ಅದನ್ನು ನೋಡಿ "ರೂಟರ್ ಸರಿ ಐತೆ" ಅನ್ನುವವರೇ ಹೆಚ್ಚು. ಫ್ರಮ್ ಆದ ಮೇಲಿನ ವಿಳಾಸ ಓದಿ: ಅದು ನಿಮ್ಮ ಕಂಪ್ಯೂಟರಿನದೇ. ರೂಟರ್ ಸಿಗಲಿಲ್ಲ ಎಂದು ನಿಮ್ಮ ಕಂಪ್ಯೂಟರೇ ನಿಮಗೆ ಹೇಳುತ್ತಿದೆ. ಹಾಗಾಗಿ ನಷ್ಟದ ಲೆಕ್ಕವನ್ನಷ್ಟೇ ನಂಬಬೇಡಿ, ಪ್ರತಿ ಸಾಲನ್ನೂ ಓದಿ.

ಉತ್ತರ ಬಂದರೂ ಟೈಮ್ ನೋಡಬೇಕು. ಪಿಂಗ್ ಮುಂದೆ ಅಡ್ಡಗೆರೆ ಮತ್ತು ಟಿ ಹಾಕಿ (ping -t), ಆಮೇಲೆ ಗೇಟ್‌ವೇ ವಿಳಾಸ ಬರೆದರೆ ನೀವು ನಿಲ್ಲಿಸುವವರೆಗೂ ಅದು ಕೂಗುತ್ತಲೇ ಇರುತ್ತದೆ; ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ. ಎರಡು ನಿಮಿಷ ಬಿಡಿ. ಪಕ್ಕದಲ್ಲೇ ಇರುವ ರೂಟರ್‌ನಿಂದ ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರಬೇಕು. ಒಮ್ಮೆ 3, ಒಮ್ಮೆ 400, ನಡುವೆ ಒಂದೆರಡು ಟೈಮ್ಡ್ ಔಟ್ ಆದರೆ ತೊಂದರೆ ನಿಮ್ಮ ವೈಫೈನದು, ಕಂಪನಿಯದಲ್ಲ. ತಗಡಿನ ಪಾರ್ಟಿಷನ್, ಕಬ್ಬಿಣದ ಬೀರು ದಾಟಿ ಬರುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ. ಬಿಲ್ಲಿಂಗ್ ಕಂಪ್ಯೂಟರಿಗೆ ಕೇಬಲ್ಲೇ ಇರಬೇಕು, ಇದರಲ್ಲಿ ನನ್ನದು ಎರಡು ಮಾತಿಲ್ಲ. ನೆಟ್ ಬೂಸ್ಟರ್ ಎಂಬ ಹೆಸರಿನ ಸಾಫ್ಟ್‌ವೇರ್‌ಗಳು ಸೊರಗಿದ ಸಿಗ್ನಲ್ಲನ್ನು ಎಬ್ಬಿಸಲಾರವು; ದುಡ್ಡು ಕೊಡಬೇಡಿ.

ಗೇಟ್‌ವೇ ಸರಿ, 8.8.8.8 ಉತ್ತರಿಸುತ್ತಿಲ್ಲ: ಕಡಿತ ರೂಟರ್‌ನಿಂದ ಆಚೆ. 8.8.8.8 ಕೂಡ ಸರಿ, ಹೆಸರು ಹಾಕಿದರೆ ಮಾತ್ರ ಸಿಗುತ್ತಿಲ್ಲ: ರಸ್ತೆ ಚೆನ್ನಾಗಿದೆ, ವಿಳಾಸ ಹೇಳುವವರಿಲ್ಲ. ಅಂದರೆ ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೆಟ್ಟಿದೆ. ಒಂದು ಮಾತು ನೆನಪಿರಲಿ, ಕೆಲವು ವೆಬ್‌ಸೈಟ್‌ಗಳು ಪಿಂಗ್‌ಗೆ ಬೇಕೆಂದೇ ಉತ್ತರಿಸುವುದಿಲ್ಲ. ಬ್ರೌಸರ್‌ನಲ್ಲಿ ತೆರೆಯುತ್ತಿದ್ದರೆ ಅದು ದೋಷವಲ್ಲ.

ಡಿಎನ್‌ಎಸ್ ಅನುಮಾನವಿದ್ದರೆ ಎನ್‌ಎಸ್‌ಲುಕಪ್ (nslookup) ಎಂದು ಬರೆದು, ಒಂದು ಜಾಗ ಬಿಟ್ಟು ವೆಬ್‌ಸೈಟಿನ ಹೆಸರು ಕೊಡಿ. ಉತ್ತರವಿಲ್ಲವೇ? ಅದೇ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು 8.8.8.8 ಸೇರಿಸಿ, ಈಗ ಪ್ರಶ್ನೆ ಗೂಗಲ್‌ನ ಡಿಎನ್‌ಎಸ್‌ಗೆ ಹೋಗುತ್ತದೆ. ಅಲ್ಲಿಂದ ಉತ್ತರ ಬಂದರೆ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಬದಲಿಸಿ. ಎನ್‌ಎಸ್‌ಲುಕಪ್ ಸರಿಯಾಗಿ ಹೇಳಿಯೂ ಬ್ರೌಸರ್ ತೆರೆಯದಿದ್ದರೆ ಐಪಿಕಾನ್ಫಿಗ್, ಜಾಗ, ಓರೆಗೆರೆ, ಫ್ಲಶ್‌ಡಿಎನ್‌ಎಸ್ (ipconfig /flushdns) ಎಂದು ಕೊಟ್ಟು, ಕಂಪ್ಯೂಟರ್ ಇಟ್ಟುಕೊಂಡಿರುವ ವಿಳಾಸಗಳ ಹಳೆಯ ನೆನಪು ಅಳಿಸಿ. ಕಂಪ್ಯೂಟರಿನ ತಾರೀಖನ್ನೂ ನೋಡಿ. ಅದು ತಪ್ಪಿದ್ದರೆ ಸುರಕ್ಷಿತ ವೆಬ್‌ಸೈಟ್‌ಗಳು ತೆರೆಯುವುದಿಲ್ಲ.

ಕೊನೆಯದು ಟ್ರೇಸರ್ಟ್: ಟಿ, ಆರ್, ಎ, ಸಿ, ಇ, ಆರ್, ಟಿ, ಅಷ್ಟೇ ಅಕ್ಷರ. ಅದರ ಮುಂದೆ ಅಡ್ಡಗೆರೆ ಡಿ ಹಾಕಿ 8.8.8.8 ಕೊಟ್ಟರೆ (tracert -d 8.8.8.8) ಹೆಸರು ಹುಡುಕುತ್ತಾ ಕೂರದೆ ದಾರಿಯಲ್ಲಿರುವ ರೂಟರ್‌ಗಳನ್ನು ಬೇಗ ತೋರಿಸುತ್ತದೆ. ಮೊದಲ ಸಾಲು ನಿಮ್ಮ ರೂಟರ್. ನಡುವೆ ನಕ್ಷತ್ರ ಚಿಹ್ನೆ ಬಂದರೆ ಗಾಬರಿ ಬೇಡ, ಆ ರೂಟರ್ ಉತ್ತರ ಕೊಡಲಿಲ್ಲ ಅಷ್ಟೆ. ಒಂದು ಸಾಲಿನ ನಂತರ ಕೊನೆಯವರೆಗೂ ನಕ್ಷತ್ರಗಳೇ ಇದ್ದರೆ ಅಲ್ಲೇ ನಿಂತಿರುವ ಸಂಭವ ಹೆಚ್ಚು.

ಈಗ ಕಂಪನಿಗೆ ಫೋನ್ ಮಾಡಿ. "ನೆಟ್ ಇಲ್ಲ" ಎಂದಷ್ಟೇ ಹೇಳಿದರೆ ರೂಟರ್ ಆರಿಸಿ ಹಚ್ಚಿ ಎನ್ನುತ್ತಾರೆ. "ಕೇಬಲ್ಲಿನಲ್ಲಿ ಗೇಟ್‌ವೇ 1 ಮಿಲಿಸೆಕೆಂಡಿನಲ್ಲಿ ಉತ್ತರಿಸುತ್ತಿದೆ, 8.8.8.8 ಟೈಮ್ಡ್ ಔಟ್, ಟ್ರೇಸರ್ಟ್ ಎರಡನೇ ಸಾಲಿನಲ್ಲೇ ನಿಂತಿದೆ" ಎನ್ನಿ, ಪರದೆಯ ಫೋಟೊ ಕಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿಯವರೆಗೆ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಬಿಲ್ ತೆಗೆಯಿರಿ, ಗಾಡಿ ಹೊರಡಲಿ.